ಇಪ್ಪತ್ಮೂರೋ ಇಪ್ಪತ್ನಾಲ್ಕೋ

ಕಾರವಾರದ ಕಡಲ ದಂಡೆಯಲ್ಲಿ ನಿಂತರೆ ದೂರದಲ್ಲಿ ಕೂರ್ಮಗಡ, ದೇವಗಡ ದ್ವೀಪಗಳು ಕಾಣುತ್ತವೆ. ಒಂದು ಬೇಸಿಗೆಯ ಮಟ್ಟಿಗೆ ಇವೆರಡೂ ಸ್ವತಂತ್ರ ದೇಶಗಳಾಗಿದ್ದವು. ಇಬ್ಬರ ನಡುವೆ ಒಂದೇ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಕೂರ್ಮಗಡ ಸೊನ್ನೆ. ದೇವಗಡ ಎಷ್ಟು ಅನ್ನುವುದೇ ಇವತ್ತಿನವರೆಗೂ ತಕರಾರು. ನಾನು ಕೂರ್ಮಗಡದ ಗೋಲ್‌ಕೀಪರ್.

ಏಳನೇ ಕ್ಲಾಸು ಮುಗಿಸಿ, ಶಿರಸಿ ಕಡೆಯ ನಮ್ಮೂರಿಂದ ರಜೆಗೆ ಅತ್ತೆ ಮನೆಗೆ ಹೋಗಿದ್ದೆ. ದೇಶ ಹಂಚಿದ್ದು ಭಾವ, ಅಂದರೆ ಅತ್ತೆಯ ಮಗ. ಬ್ರೆಜಿಲ್, ಅರ್ಜೆಂಟೀನಾ ಅಂತ ಶುರು ಮಾಡಿದರೆ ಎಲ್ಲರಿಗೂ ಬ್ರೆಜಿಲ್ಲೇ ಬೇಕು, ಆಟಕ್ಕಿಂತ ಮೊದಲೇ ಜಗಳ. ಅದಕ್ಕೇ ಕಣ್ಣಿಗೆ ಕಂಡ ದ್ವೀಪಗಳನ್ನೇ ದೇಶ ಮಾಡಿದ. ಕೂರ್ಮಗಡದಲ್ಲಿ ನರಸಿಂಹನ ಗುಡಿ ಇದೆ, ಜನವರಿಯಲ್ಲಿ ಜನ ದೋಣಿ ಹತ್ತಿ ಜಾತ್ರೆಗೆ ಹೋಗುತ್ತಾರೆ. ದೇವಗಡದಲ್ಲಿ ಲೈಟ್‌ಹೌಸ್ ಇದೆ. ನಮ್ಮ ದೇಶಕ್ಕೆ ದೇವರು, ಅವರ ದೇಶಕ್ಕೆ ದೀಪ. ಪಾಲು ಚೆನ್ನಾಗೇ ಬಂತು ಅಂದುಕೊಂಡೆ. ಆಮೇಲೆ ನೋಡಿದರೆ ರಜೆಗೆ ಬಂದ ಘಟ್ಟದ ಮೇಲಿನ ಮಕ್ಕಳನ್ನೆಲ್ಲ ಹೆಕ್ಕಿ ಹೆಕ್ಕಿ ಕೂರ್ಮಗಡಕ್ಕೆ ಹಾಕಿದ್ದ. ಅಡಿಕೆ ಒಣಗಿಸುವ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಕಾಲುಗಳು ನಮ್ಮವು. ಮರಳಲ್ಲಿ ಓಡಲು ಹೋದರೆ ಕಾಲು ಅಲ್ಲೇ, ಮೈ ಮಾತ್ರ ಮುಂದೆ.

ಗೋಲ್‌ಕೀಪರ್ ಕೆಲಸ ಗೋಲು ತಡೆಯುವುದು ಅಂತ ತಿಳಿದವರುಂಟು. ಅವನ ನಿಜವಾದ ಕೆಲಸ ಚೆಂಡು ತರುವುದು. ಎರಡು ಜೊತೆ ಚಪ್ಪಲಿ ಇಟ್ಟರೆ ಅದೇ ನಮ್ಮ ಗೋಲು. ಅದರ ಹಿಂದೆ ಮೀನುಗಾರರು ಬಲೆ ಒಣಗಿಸಿದ್ದರು. ಸುತ್ತ ಕಣ್ಣು ಹಾಯಿಸಿದಷ್ಟೂ ಬಲೆಯೇ, ಗೋಲಿಗೆ ಮಾತ್ರ ಬಲೆ ಇಲ್ಲ. ಚೆಂಡು ಹೋಗಿ ಒಣಗಿದ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಾಳಿಮರದ ನೆರಳಲ್ಲಿ ಕೂತು ಹರಿದ ಕಣ್ಣು ಹೆಣೆಯುತ್ತಿದ್ದ ಅಜ್ಜನೊಬ್ಬ ಮೊದಲೆರಡು ಸಲ ಬೈದ. ಐದನೇ ಸಲಕ್ಕೆ ಸುಮ್ಮನಾದ. ಹತ್ತರ ಹೊತ್ತಿಗೆ ತಾನೇ ಚೆಂಡು ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ಅವನ ಕೈಯೆಲ್ಲ ಮೀನಿನ ವಾಸನೆ, ಚೆಂಡಿಗೂ ಅದೇ, ಕೊನೆಗೆ ನನಗೂ ಅದೇ.

ದೊಡ್ಡ ದೊಡ್ಡ ಸೋಲುಗಳ ಬಗ್ಗೆ ಓದುವ ಚಟ ನನಗೆ ಹಿಡಿದದ್ದು ಹೀಗೆ. 1885ರಲ್ಲಿ ಸ್ಕಾಟ್ಲೆಂಡಿನ ಆರ್ಬ್ರೋತ್ ತಂಡ ಬಾನ್ ಅಕಾರ್ಡ್ ಮೇಲೆ 36 ಗೋಲು ಹೊಡೆಯಿತು. ಎಲ್ಲರೂ ಹೇಳುವುದು ಗೆದ್ದ ತಂಡದ ಗೋಲ್‌ಕೀಪರ್ ಮಾಡಲು ಕೆಲಸವಿಲ್ಲದೆ ಮಳೆಗೆ ಕೊಡೆಯ ಕೆಳಗೆ ನಿಂತಿದ್ದ ಕತೆಯನ್ನೇ. ನನಗೆ ಮಾತ್ರ ಆಚೆ ತುದಿಯವನದ್ದೇ ಚಿಂತೆ. ಆಗಿನ್ನೂ ಗೋಲಿಗೆ ಬಲೆ ಕಟ್ಟುವ ಪದ್ಧತಿಯೇ ಇರಲಿಲ್ಲ. ಲಿವರ್‌ಪೂಲಿನ ಬ್ರೋಡಿ ಎಂಬ ಎಂಜಿನಿಯರ್‌ಗೆ ಅದು ಹೊಳೆದದ್ದು ಕೆಲವು ವರ್ಷದ ನಂತರ. ಅಂದರೆ ಆ ಮಳೆಯಲ್ಲಿ 36 ಸಲ ಯಾರೋ ಒಬ್ಬ ಚೆಂಡಿನ ಹಿಂದೆ ಓಡಿರಬೇಕು, ಅಲ್ವಾ? ಅಲ್ಲಿ ಬಲೆಯ ಅಜ್ಜನೂ ಇರಲಿಲ್ಲ.

ದೇಶ ದೇಶಗಳ ಲೆಕ್ಕಕ್ಕೆ ಬಂದರೆ ದಾಖಲೆ 2001ರ ಏಪ್ರಿಲ್ 11ರದ್ದು. ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್ ಎಂಬ ಕಡಲೂರಿನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಆಸ್ಟ್ರೇಲಿಯಾ 31, ಅಮೆರಿಕನ್ ಸಮೋವಾ ಸೊನ್ನೆ. ಆರ್ಚಿ ಥಾಂಪ್ಸನ್ ಒಬ್ಬನೇ 13 ಹೊಡೆದ. ಪಾಪ, ಸಮೋವಾದವರ ಮುಖ್ಯ ತಂಡಕ್ಕೆ ಪಾಸ್‌ಪೋರ್ಟ್ ತೊಡಕಾಗಿ, ಆಡಲು ಉಳಿದವನು ಗೋಲ್‌ಕೀಪರ್ ನಿಕಿ ಸಲಾಪು ಒಬ್ಬನೇ. ಉಳಿದ ಜಾಗಕ್ಕೆ ಹುಡುಗರನ್ನು ಒಟ್ಟು ಮಾಡಿ ಕರೆತಂದರು. ಆದರೂ ಮೊದಲ ಗೋಲು ಬಿದ್ದದ್ದು ಹತ್ತನೇ ನಿಮಿಷದಲ್ಲಿ. ಈ ಹತ್ತು ನಿಮಿಷದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಮ್ಮದು ಎರಡನೇ ನಿಮಿಷಕ್ಕೇ ಬಿದ್ದಿತ್ತು.

ಆ ಪಂದ್ಯದಲ್ಲಿ ನನಗೆ ತೀರಾ ಇಷ್ಟವಾದ ಸಂಗತಿ ಬೇರೆ. ಸ್ಕೋರ್ ಬೋರ್ಡ್ ನೋಡಿಕೊಳ್ಳುವವನಿಗೆ ಲೆಕ್ಕ ತಪ್ಪಿ ಬೋರ್ಡಿನಲ್ಲಿ 32 ಅಂತ ಬಂತು. ಆಮೇಲೆ ಕೂತು ಎಣಿಸಿ 31 ಮಾಡಿದರು. ವಿಶ್ವಕಪ್ಪಿನವರಿಗೇ ಹೀಗಾದರೆ ನಮ್ಮದೇನು ಮಹಾ? ನಮ್ಮ ಸ್ಕೋರ್ ಬರೆಯುತ್ತಿದ್ದವಳು ಭಾವನ ಪುಟ್ಟ ತಂಗಿ. ಒದ್ದೆ ಮರಳಲ್ಲಿ ಕಡ್ಡಿಯಿಂದ ಗೋಲಿಗೊಂದು ಗೆರೆ. ಇಪ್ಪತ್ತು ದಾಟಿದ ಮೇಲೆ ತೆರೆಯೊಂದು ಬಂದು ಅಷ್ಟನ್ನೂ ಒರೆಸಿಕೊಂಡು ಹೋಯಿತು. ಭಾವ ಇಪ್ಪತ್ನಾಲ್ಕು ಎಂದ. ನಾನು ಇಪ್ಪತ್ಮೂರು ಎಂದೆ. ಬಲೆಯ ಅಜ್ಜನನ್ನು ಕೇಳಿದರೆ, "ನನ್ನ ಬಲೆ ಹರಿದದ್ದು ಮೂರು ಕಡೆ, ಅದರ ಲೆಕ್ಕ ಮೊದಲು ಹೇಳಿ" ಎಂದ. ಆಟ ಅಲ್ಲಿಗೇ ಮುಗಿಯಿತು.

ಲೆಕ್ಕ ತಪ್ಪದ ಸೋಲೂ ಇದೆ. 2002ರಲ್ಲಿ ಮಡಗಾಸ್ಕರ್‌ನಲ್ಲಿ ಒಂದು ಕ್ಲಬ್ ತಂಡ ರೆಫರಿಗಳ ಮೇಲಿನ ಸಿಟ್ಟಿಗೆ ತನ್ನ ಗೋಲಿಗೆ ತಾನೇ ಹೊಡೆಯುತ್ತಾ ಹೋಗಿ 149-0 ಮಾಡಿಕೊಂಡಿತು. ಗೋಲು ತಿಂದವರೇ ಮತ್ತೆ ಆಟ ಶುರು ಮಾಡಬೇಕು ಅನ್ನುವುದು ಫುಟ್‌ಬಾಲಿನ ನಿಯಮ. ಸೋತವನಿಗೆ ಚೆಂಡಾದರೂ ಸಿಗಲಿ ಎಂಬ ಕರುಣೆಯ ನಿಯಮವೇ ಅವರಿಗೆ ಅನುಕೂಲವಾಯಿತು. ಎದುರಾಳಿಗಳು ಸುಮ್ನೆ ನಿಂತು ನೋಡಿದರು. ಇದನ್ನು ನಾನು ಸೋಲಿನ ಪಟ್ಟಿಗೆ ಸೇರಿಸುವುದಿಲ್ಲ. ಇದು ಧರಣಿ.

ಸಲಾಪು ಮಾತ್ರ ಮತ್ತೆ ಗೋಲಿಗೆ ಬಂದು ನಿಂತ. 2011ರ ನವೆಂಬರಿನಲ್ಲಿ ಅಮೆರಿಕನ್ ಸಮೋವಾ ಟೊಂಗಾವನ್ನು 2-1ರಿಂದ ಸೋಲಿಸಿದಾಗಲೂ ಗೋಲಿನಲ್ಲಿ ಅವನೇ ಇದ್ದ. ನಾನು ಬಿಟ್ಟೆ. ಮರುವರ್ಷದ ರಜೆಯಲ್ಲಿ ಕೂರ್ಮಗಡಕ್ಕೆ ಬೇರೆ ಗೋಲ್‌ಕೀಪರ್ ಹುಡುಕಿ ಅಂತ ಅತ್ತೆ ಮನೆಯ ಮಾವಿನ ಮರ ಹತ್ತಿ ಕೂತೆ.

ಹೋದ ವರ್ಷ ನಮ್ಮಲ್ಲೊಂದು ಉಪನಯನ. ಊಟದ ಪಂಕ್ತಿಯಲ್ಲಿ ಭಾವ ನನ್ನ ಪಕ್ಕ ಕೂತಿದ್ದ, ಎದುರು ಸಾಲಿನಲ್ಲಿ ಅವನ ತಂಗಿ. ಅಪ್ಪೆಹುಳಿ ಎರಡನೇ ಸುತ್ತು ಬರುವ ಹೊತ್ತಿಗೆ ಹಳೇ ತಕರಾರು ಎದ್ದಿತು. ಇಪ್ಪತ್ನಾಲ್ಕು ಎಂದ. ಇಪ್ಪತ್ಮೂರು ಎಂದೆ. ಹಾಳು ತೆರೆ ಬರದಿದ್ದರೆ ಸತ್ಯ ಗೊತ್ತಾಗುತ್ತಿತ್ತು ಎಂದೂ ಸೇರಿಸಿದೆ.

"ತೆರೆ ಗಿರೆ ಎಂತದೂ ಬಂದಿರ್ಲಿಲ್ಲ" ಎಂದಳು ಅವಳು, ಎಲೆಯಿಂದ ತಲೆ ಎತ್ತದೆ. "ನಾನೇ ಕಾಲಲ್ಲಿ ಒರೆಸಿದ್ದೆ."

ನನಗೆ ಗಂಟಲು ಕಟ್ಟಿದಂತಾಯಿತು. ನನ್ನ ಮೇಲೆ ಇಷ್ಟು ವರ್ಷ ಮುಚ್ಚಿಟ್ಟ ಕನಿಕರ!

"ಯಾಕೆ?" ಎಂದೆ ಮೆಲ್ಲಗೆ.

"ಹೊತ್ತು ಮುಳುಗಿತ್ತು. ನನಗೆ ಹಸಿವಾಗಿತ್ತು. ನೀವು ನಿಲ್ಲಿಸೋ ಹಾಗೇ ಕಾಣ್ಲಿಲ್ಲ."

ಭಾವ ಅಂಗೈಯಲ್ಲಿದ್ದ ಅಪ್ಪೆಹುಳಿ ಸುರಿದು ಕುಡಿದು ಕೇಳಿದ, "ಒರೆಸುವಾಗ ಎಷ್ಟಿತ್ತೇ?"

"ಎಣಿಸೋಕೆ ಆಗ ನನಗೆ ಹತ್ತರವರೆಗೆ ಮಾತ್ರ ಬರ್ತಿತ್ತು" ಎಂದು ಅವಳು ಹೋಳಿಗೆಗೆ ತುಪ್ಪ ಕೇಳಿದಳು.