ಬ್ಲೂಗೆ ಡೇ ಯಾವಾಗ ಸ್ವಾಮಿ?

ಪಂಚಾಂಗದಲ್ಲಿ ತಿಥಿ ನಕ್ಷತ್ರ ನೋಡೋ ಕಾಲ ಹೋಯ್ತು ಕಣ್ರಪ್ಪ. ಈಗ ನಂದಿ ಬೆಟ್ಟದ ಬುಡದಲ್ಲಿ ಬೇರೇನೇ ಪಂಚಾಂಗ ನಡೀತಿದೆ, ಅದರಲ್ಲಿ ಏಕಾದಶಿ ಸಂಕಷ್ಟಿ ಯಾವುದೂ ಇಲ್ಲ, ಬರೀ ವೈನ್ ದ್ರಾಕ್ಷಿ ತಳಿಗಳ ಹೆಸರು, ನಮ್ಮೂರ ಬೆಂಗಳೂರು ಬ್ಲೂ ದ್ರಾಕ್ಷಿ ಒಂದನ್ನ ಬಿಟ್ಟು. ಏಪ್ರಿಲ್ 17 ಬಂತಾ, ಮಾಲ್ಬೆಕ್ ಡೇ. ಮೇ ತಿಂಗಳ ಮೊದಲ ಶುಕ್ರವಾರ ಸೊವಿನ್ಯೋ ಬ್ಲಾಂ ಡೇ. ಆಗಸ್ಟ್ 18 ಪಿನೋ ನುವಾರ್. ನವೆಂಬರ್ ಅಂತೂ ನಮ್ಮ ಕಾರ್ತಿಕ ಮಾಸಕ್ಕಿಂತ ಬಿಜಿ, 7ಕ್ಕೆ ಮೆರ್ಲೋ, ಎರಡನೇ ಗುರುವಾರ ಟೆಂಪ್ರನಿಯೋ, ಮೂರನೇ ಗುರುವಾರ ಫ್ರಾನ್ಸಿನ ಹೊಸ ವೈನ್ ಬೋಜೊಲೆ ನುವೋ, 24ಕ್ಕೆ ಕಾರ್ಮೆನೇರ್, ಇಷ್ಟನ್ನೂ ಕುಡಿದು ತಲೆ ಎತ್ತೋದ್ರೊಳಗೆ ಕ್ರಿಸ್‌ಮಸ್. ಸರ್ಕಾರದೋರು ಗಾಂಧಿ ಜಯಂತಿಗೆ, ಎಲೆಕ್ಷನ್‌ಗೆ ಅಂತ ಡ್ರೈ ಡೇ ಒಂದಿಷ್ಟು ಎತ್ತಿಟ್ಟಿರೋದಕ್ಕೆ ಲಿವರ್‌ಗೆ ರಜ ಸಿಗ್ತಿದೆ.

ಈ ದಿನಗಳು ಹುಟ್ಟಿದ್ದು ಹೆಂಗೆ ಅಂತ ನೋಡಿದ್ರೆ ಇನ್ನೂ ಚೆಂದ. ಮಾಲ್ಬೆಕ್ ಇದ್ಯಲ್ಲ, ಫ್ರಾನ್ಸಿನ ದ್ರಾಕ್ಷಿ, ಅರ್ಜೆಂಟೀನಾಗೆ ಹೋಗಿ ಅಲ್ಲೇ ಸೆಟಲ್ ಆಗಿದ್ದು. 1853ನೇ ಇಸವಿ ಏಪ್ರಿಲ್ 17ಕ್ಕೆ ಮೆಂಡೋಝಾದಲ್ಲಿ ಒಂದು ಕೃಷಿ ಶಾಲೆ ತೆರೀಬೇಕು ಅಂತ ಅಲ್ಲಿನ ಸರ್ಕಾರದ ಮುಂದೆ ಪ್ರಸ್ತಾವ ಹೋಯ್ತಂತೆ, ಆ ದಿನಾನೇ ಹಿಡ್ಕೊಂಡು 2011ರಿಂದ ಅಲ್ಲಿನ ವೈನ್ ಮಾರೋರು ವಿಶ್ವ ಮಾಲ್ಬೆಕ್ ದಿನ ಅಂತ ಮಾಡ್ತಿದಾರೆ. ಅಂದ್ರೆ ಫೈಲ್ ಟೇಬಲ್ ಮೇಲೆ ಬಂದ ದಿನಕ್ಕೆ ಹಬ್ಬ! ಈ ಲೆಕ್ಕದಲ್ಲಿ ನಮ್ಮ ಚಿಕ್ಕಪ್ಪ ಡ್ರಿಪ್ ಸಬ್ಸಿಡಿಗೆ ಅರ್ಜಿ ಕೊಟ್ಟ ದಿನಗಳನ್ನೆಲ್ಲ ಹಬ್ಬ ಮಾಡಿದ್ರೆ ಊರಲ್ಲಿ ಹೋಳಿಗೆ ಬಿಟ್ಟು ಬೇರೆ ಅಡುಗೆ ಮಾಡೋಕೆ ಪುರುಸೊತ್ತೇ ಇರಲ್ಲ.

ಇರಲಿ, ಅವರ ಊರು ಅವರ ಹಬ್ಬ. ಅದನ್ನ ನಮ್ಮ ಚಪ್ಪರದ ಕೆಳಗೆ ತಂದು ಮಾಡ್ತಾರಲ್ಲ, ನನ್ನ ತಕರಾರು ಅಲ್ಲಿ. ಸೊವಿನ್ಯೋ ಬ್ಲಾಂ ಡೇ ಮೇ ತಿಂಗಳಲ್ಲಿ ಬರುತ್ತೆ. ಆ ಹೊತ್ತಿಗೆ ನಮ್ಮ ಕಡೆ ವೈನ್ ದ್ರಾಕ್ಷಿ ಕೊಯ್ಲು ಯಾವತ್ತೋ ಮುಗಿದು ಬಳ್ಳಿಗೆ ಕಟಿಂಗ್ ಮಾಡಿರ್ತಾರೆ, ತಿಮ್ಮಪ್ಪನಿಗೆ ಮುಡಿ ಕೊಟ್ಟು ಬಂದೋರ ತಲೆ ಥರ ತೋಟ ಬೋಳು. ಬೆಂಗಳೂರಿಂದ ಲಿನೆನ್ ಶರ್ಟ್ ಹಾಕ್ಕೊಂಡು ಬಂದೋರು ಆ ಬೋಳು ಕಡ್ಡಿಗಳ ಮುಂದೆ ನಿಂತು ಗ್ಲಾಸ್ ಎತ್ತಿ ಫೋಟೋ ತೆಗೀತಾರೆ, ಹಿನ್ನೆಲೆಯಲ್ಲಿ ಕಲ್ಲು ಕಂಬ, ತಂತಿ, ಒಂದು ಖಾಲಿ ಔಷಧಿ ಡ್ರಮ್ಮು. ನವೆಂಬರ್‌ದು ಇನ್ನೂ ಮಜ. ಫ್ರಾನ್ಸಲ್ಲಿ ಆಗ ತಾನೇ ಕೊಯ್ದ ಹಣ್ಣಿನ ಹೊಸ ವೈನ್ ಬಂತು ಅಂತ ಅಲ್ಲಿನೋರು ಕುಣೀತಾರೆ, ನ್ಯಾಯ ಇದೆ. ನಮ್ಮಲ್ಲಿ ಸೆಪ್ಟೆಂಬರ್ ಅಕ್ಟೋಬರಲ್ಲಿ ಕಟಿಂಗ್ ಆಗಿ ನವೆಂಬರಲ್ಲಿ ಇನ್ನೂ ಹೂವು, ಪಿಂದೆ, ಮೋಡ ಕಟ್ಟಿದ್ರೆ ಡೌನಿ ಅನ್ನೋ ಬೂಷ್ಟು ರೋಗ ಬರುತ್ತೋ ಏನೋ ಅಂತ ರೈತ ರಾತ್ರಿ ಎದ್ದೆದ್ದು ಆಕಾಶ ನೋಡ್ತಿರ್ತಾನೆ, ಪಕ್ಕದ ರೆಸಾರ್ಟಲ್ಲಿ ಡಿಜೆ ಹಾಕಿ ಸುಗ್ಗಿ ಆಚರಿಸ್ತಿರ್ತಾರೆ. ಯಾರ ಸುಗ್ಗಿ? ಕೇಳಬಾರದು.

ಒಂದು ಸಲ ಇಂಥದ್ದೊಂದಕ್ಕೆ ನಾನೂ ಹೋಗಿದ್ದೆ. ಟಿಕೆಟ್ ತಗೊಂಡು ಹೋಗೋಷ್ಟು ತಲೆ ಕೆಟ್ಟಿಲ್ಲ, ಅಲ್ಲಿ ತುಳಿಯೋದಕ್ಕೆ ಹಣ್ಣು ನಮ್ಮ ಚಿಕ್ಕಪ್ಪನ ತೋಟದಿಂದ ಹೋಗಿತ್ತು, ಕ್ರೇಟ್ ವಾಪಸ್ ತರೋಕೆ ಗಾಡಿ ಜೊತೆ ಹೋದೆ. ಮರದ ಟಬ್ಬಲ್ಲಿ ನಮ್ಮ ಬೆಂಗಳೂರು ಬ್ಲೂ ಸುರಿದಿದಾರೆ, ಜನ ಪ್ಯಾಂಟ್ ಮಡಚಿ ಒಳಗಿಳಿದು ಹೋ ಅಂತ ತುಳೀತಿದಾರೆ, ಬ್ಯಾನರಲ್ಲಿ ದೊಡ್ಡದಾಗಿ ಕ್ಯಾಬರ್ನೆ ಅಂತ ಫ್ರಾನ್ಸಿನ ದ್ರಾಕ್ಷಿ ಹೆಸರಿದೆ. ಕ್ಯಾಬರ್ನೆ ಗ್ಲಾಸಲ್ಲಿ, ಬ್ಲೂ ಕಾಲಡೀಲಿ. ಒಂದು ಟಿಕೆಟ್ ದುಡ್ಡಿಗೆ ತೋಟದ ರೇಟಲ್ಲಿ ಎಷ್ಟು ಕ್ರೇಟ್ ಬರುತ್ತೆ ಅಂತ ಚಿಕ್ಕಪ್ಪ ಬೆರಳಲ್ಲಿ ಲೆಕ್ಕ ಹಾಕಿ ಅರ್ಧಕ್ಕೇ ನಿಲ್ಲಿಸಿಬಿಟ್ರು. ತುಳಿದ ರಸ ಏನ್ಮಾಡ್ತೀರಪ್ಪ ಅಂತ ಅಲ್ಲಿನ ಹುಡುಗನ್ನ ಕೇಳಿದ್ರೆ ಚೆಲ್ತೀವಿ ಅಂಕಲ್ ಅಂದ. ನಮ್ಮೋರೂ ತುಳಿದಿದ್ರು ಸ್ವಾಮಿ, 2020ರ ಲಾಕ್‌ಡೌನಲ್ಲಿ ವ್ಯಾಪಾರಿಗಳು ಬರದೆ ಹಣ್ಣು ಬಳ್ಳೀಲೇ ಕೊಳೆಯೋ ಹಂಗಾದಾಗ ತಿಪ್ಪೆಗೆ ಸುರಿದು ಅದರ ಮೇಲೇ ಓಡಾಡಿದ್ರು, ಆಗ ಅದಕ್ಕೊಂದು ಟಿಕೆಟ್ ಇಡ್ಬೇಕು ಅಂತ ಯಾರಿಗೂ ಹೊಳೀಲಿಲ್ಲ ನೋಡಿ.

ಆಮೇಲೆ ಟೇಸ್ಟಿಂಗ್ ಶುರುವಾಯ್ತು. ಕಪ್ಪು ಏಪ್ರನ್ ಹಾಕ್ಕೊಂಡ ಒಬ್ಬ ಸಾರ್ ಗ್ಲಾಸ್ ತಿರುಗಿಸಿ, ಮೂಗು ಪೂರ್ತಿ ಒಳಗೆ ಇಳಿಸಿ, ಕಣ್ಣು ಮುಚ್ಚಿ ಹೇಳೋಕೆ ಶುರು ಮಾಡಿದ್ರು. ಸೊವಿನ್ಯೋ ಬ್ಲಾಂ ವಾಸನೇಲಿ ದಪ್ಪ ಮೆಣಸಿನಕಾಯಿ ಇದೆ, ಚೆನ್ನಾಗಿರೋ ಬಾಟಲಿ ಆದ್ರೆ ಬೆಕ್ಕಿನ ಉಚ್ಚೆ ವಾಸನೇನೂ ಬರುತ್ತೆ ಅಂತೆ. ಹೊಗಳಿಕೆ ಇದು! ರೀಸ್ಲಿಂಗ್ ಹಳೇದಾದಷ್ಟೂ ಪೆಟ್ರೋಲ್ ವಾಸನೆ, ಅದೂ ಉತ್ತಮ ಲಕ್ಷಣ. ನಮ್ಮ ಮೋಟರ್ ರೂಮಿಗೆ ಬಂದು ಮೂಗಿಟ್ರೆ ಇವರಿಗೆ ಜ್ಞಾನೋದಯಾನೇ ಆಗುತ್ತೆ. ಸಿರಾ ಅನ್ನೋ ದ್ರಾಕ್ಷಿಯ ವೈನಲ್ಲಿ ಕರಿಮೆಣಸು, ಅದು ನಿಜಾನೇ, ಮೆಣಸಲ್ಲಿರೋ ರೋಟಂಡೋನ್ ಅನ್ನೋ ವಸ್ತುವೇ ಆ ದ್ರಾಕ್ಷೀಲೂ ಇದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಹಿಡಿದಿದಾರೆ. ಸರಿ, ಬೆಕ್ಕು, ಪೆಟ್ರೋಲು, ಮೆಣಸು ಎಲ್ಲ ಆಯ್ತಲ್ಲ, ನಮ್ಮ ಬ್ಲೂ ಬಗ್ಗೆ ಏನಂತೀರಾ ಸಾರ್ ಅಂದೆ. ಮುಖ ಹಿಂಡಿದ್ರು. ಅದಕ್ಕೆ ನರಿ ವಾಸನೆ, ವೈನ್‌ಗೆ ಆಗಲ್ಲ ಅಂದ್ರು.

ನೋಡಿ ನ್ಯಾಯಾನ. ಬೆಕ್ಕು ನಡೆಯುತ್ತೆ, ನರಿ ನಡೆಯಲ್ಲ. ಬ್ಲೂಗೆ ಬರೋ ಆ ಘಾಟು ಪರಿಮಳ ಮೀಥೈಲ್ ಆಂಥ್ರನಿಲೇಟ್ ಅನ್ನೋದರಿಂದ ಬರೋದು, ಅಮೆರಿಕದ ಲಬ್ರುಸ್ಕಾ ಜಾತಿ ದ್ರಾಕ್ಷಿಗಳ ವಂಶದ ಗುಣ. ಪ್ರಪಂಚದಲ್ಲಿ ದ್ರಾಕ್ಷಿ ಫ್ಲೇವರ್ ಅಂತ ಮಾರೋ ಬಬಲ್ ಗಮ್ಮು, ಚಾಕಲೇಟು ಹೆಚ್ಚಿನವಕ್ಕೆ ಹಾಕೋದು ಇದನ್ನೇ, ಯಾವ ಮಗೂನೂ ಕ್ಯಾಬರ್ನೆ ಫ್ಲೇವರ್ ಚಾಕಲೇಟ್ ಕೊಡಿಸಪ್ಪ ಅಂತ ಅತ್ತಿದ್ದು ನಾನು ಕೇಳಿಲ್ಲ. ಆದ್ರೆ ಯುರೋಪಿನ ವಿನಿಫೆರಾ ಜಾತೀದಾದ್ರೆ ಮಾತ್ರ ಮೇಲಿನ ಪಂಕ್ತಿ, ಲಬ್ರುಸ್ಕಾ ರಕ್ತ ಇದ್ರೆ ಹೊರಗೆ ಕೂತ್ಕೋ ಅನ್ನೋ ಲೆಕ್ಕ. ಈ ಮಡಿವಂತರ ಕಥೆ ಏನು ಗೊತ್ತಾ? 1860ರ ದಶಕದಲ್ಲಿ ಅಮೆರಿಕದಿಂದ ಫೈಲಾಕ್ಸೆರಾ ಅನ್ನೋ ಹೇನಿನ ಥರದ ಹುಳ ಬಂದು ಫ್ರಾನ್ಸಿನ ತೋಟಗಳ ಬೇರನ್ನೆಲ್ಲ ತಿಂದು ಹಾಕ್ತು, ಕೊನೆಗೆ ಉಳಿಸಿದ್ದು ಅಮೆರಿಕದ ಕಾಡು ದ್ರಾಕ್ಷಿಗಳ ಬೇರು, ಅದರ ಮೇಲೆ ಇವರ ತಳಿಗಳನ್ನ ಕಸಿ ಕಟ್ಟಿ ಬಚಾವ್ ಮಾಡಿದ್ರು. ಇವತ್ತಿಗೂ ಬಹುಪಾಲು ಹಂಗೇ ನಿಂತಿರೋದು. ಸೊಂಟದಿಂದ ಕೆಳಗೆ ಬೇರೆ ಜಾತಿ, ಸೊಂಟದಿಂದ ಮೇಲೆ ಕ್ಯಾಬರ್ನೆ, ಆದ್ರೂ ಮಡಿ ಕೆಟ್ಟಿಲ್ಲ. ನಮ್ಮ ಕಡೆ ಉಪ್ಪು ನೀರಿಗೂ ಬರಕ್ಕೂ ತಡೀಲಿ ಅಂತ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ತಾರೆ, ಅದೂ ಟೆಕ್ಸಾಸ್ ಕಡೇದು, ನಾವೇನೂ ಅದಕ್ಕೆ ಜಾತಿ ಸರ್ಟಿಫಿಕೇಟ್ ಕೇಳಿಲ್ಲ.

ಟೇಸ್ಟಿಂಗ್ ಸಾರ್ ಮಧ್ಯೆ ಮಧ್ಯೆ ಬೋರ್ಡೋ, ಬೋರ್ಡೋ ಅಂತಿದ್ರು, ಫ್ರಾನ್ಸಿನ ಆ ಊರಿನ ಮಣ್ಣು ಹಂಗೆ, ಗಾಳಿ ಹಿಂಗೆ ಅಂತ. ಚಿಕ್ಕಪ್ಪ ಹಿಂದಿನ ಸಾಲಲ್ಲಿ ನಿಂತಿದ್ದೋರು ಥಟ್ ಅಂತ ಕಿವಿ ನೆಟ್ಟಗೆ ಮಾಡಿ "ಒಂದು ಪರ್ಸೆಂಟಾ ಸಾರ್, ಅರ್ಧ ಪರ್ಸೆಂಟಾ?" ಅಂದುಬಿಟ್ರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದು ಬಳ್ಳಿಗೆ ಹೊಡೆಯೋ ಒಂದು ಪರ್ಸೆಂಟ್ ಬೋರ್ಡೋ ಔಷಧಿ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಇಟ್ಟಿರೋ ಮನೇಲಿ ಮಕ್ಕಳಿಗೂ ಗೊತ್ತು. ಅಲ್ಲಿದ್ದೋರಿಗೆ ನಗು. ನಗೋ ವಿಷಯ ಅಲ್ಲ ಅದು, ಆ ಊರಿನ ಕಡೇನೇ 1880ರ ದಶಕದಲ್ಲಿ ರೋಡ್ ಪಕ್ಕದ ತೋಟದೋರು ದಾರೀಲಿ ಹೋಗೋರು ಹಣ್ಣು ಕದೀತಾರೆ ಅಂತ ಬಳ್ಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚ್ತಿದ್ರು, ಎರಚಿದ ಬಳ್ಳಿಗೆ ಮಾತ್ರ ಡೌನಿ ಬಂದಿಲ್ಲ ಅಂತ ಮಿಲಾರ್ದೆ ಅನ್ನೋ ಪ್ರೊಫೆಸರು ಗಮನಿಸಿ 1885ರಲ್ಲಿ ಪ್ರಕಟ ಮಾಡಿದ್ರು. ಬೋರ್ಡೋದಿಂದ ನಮ್ಮ ರೈತನಿಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅದೊಂದೇ, ಅದಕ್ಕೊಂದು ಡೇ ಮಾಡಿ ಅಂದ್ರೆ ಸ್ಪಾನ್ಸರ್ ಸಿಗಲ್ಲ.

ಕಾರ್ಮೆನೇರ್‌ದು ಬೇರೆ ಇದೆ. ಚಿಲಿ ದೇಶದೋರು ನೂರು ವರ್ಷದ ಮೇಲೆ ಅದನ್ನ ಮೆರ್ಲೋ ಅಂತಾನೇ ಅಂದ್ಕೊಂಡು ಬೆಳೆದು, ಮೆರ್ಲೋ ಅಂತಾನೇ ಮಾರ್ತಿದ್ರು. 1994ರಲ್ಲಿ ಫ್ರಾನ್ಸಿಂದ ಬಂದ ತಜ್ಞರೊಬ್ಬರು ಬಳ್ಳಿ ನೋಡಿ ಅಯ್ಯೋ ಇದು ಮೆರ್ಲೋ ಅಲ್ಲಪ್ಪ ಅಂದ್ರು. ಗುಟ್ಟು ಬಯಲಾದ ಆ ನವೆಂಬರ್ 24 ಈಗ ಕಾರ್ಮೆನೇರ್ ಡೇ! ನಮ್ಮಲ್ಲಿ ಶರದ್ ಅನ್ನೋ ಬೀಜ ಇಲ್ಲದ ದ್ರಾಕ್ಷಿ ಕ್ರೇಟಲ್ಲಿ ನಾಲ್ಕು ಗೊಂಚಲು ಬ್ಲೂ ಅಪ್ಪಿತಪ್ಪಿ ಸೇರಿದ್ರೆ ವ್ಯಾಪಾರಿ ಇಡೀ ಲೋಡಿಗೇ ರೇಟ್ ಇಳಿಸ್ತಾನೆ, ಮೋಸ ಮಾಡ್ತೀಯೇನಯ್ಯಾ ಅಂತ ಬೈಗುಳ ಬೇರೆ. ಅವರಿಗೆ ಹಬ್ಬ, ನಮಗೆ ದಂಡ.

ಇಷ್ಟೆಲ್ಲ ಡೇಗಳ ಉದ್ದೇಶ ಜನರಲ್ಲಿ ವೈನ್ ಬಗ್ಗೆ ಅರಿವು ಮೂಡಿಸೋದಂತೆ. ಊರಲ್ಲಿ ಅರಿವು ಹೆಂಗಿದೆ ಅಂದ್ರೆ, ಬಸ್ ಸ್ಟ್ಯಾಂಡ್ ಹತ್ರ ದೇವರ ಹೆಸರಿಟ್ಟಿರೋ ವೈನ್ಸ್ ಅಂಗಡೀಲಿ ಹೋಗಿ ವೈನ್ ಕೊಡಪ್ಪ ಅಂದ್ರೆ ಮೇಲಿಂದ ಕೆಳಗೆ ನೋಡಿ, ಯಾರಿಗಣ್ಣ, ಮನೇಲಿ ಹುಷಾರಿಲ್ವಾ ಅಂತ ಕೇಳಿದ, ಮೇಲಿನ ಅಟ್ಟದಿಂದ ಧೂಳು ಒರೆಸಿ ಒಂದು ಬಾಟಲಿ ಇಳಿಸಿದ. ನಮ್ಮಜ್ಜಿ ವೈನ್ ಅಂದ್ರೆ ಶಿವ ಶಿವ ಅಂತ ಕಿವಿ ಮುಚ್ಕೋತಾರೆ, ಆದ್ರೆ ರಾತ್ರಿ ಊಟ ಆದ್ಮೇಲೆ ದ್ರಾಕ್ಷಾರಿಷ್ಟ ಅಳತೆ ಮುಚ್ಚಳದಲ್ಲಿ ಹಾಕ್ಕೊಂಡು, ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪಾನೇ ಗುಟುಕರಿಸ್ತಾರೆ. ಅದೂ ಹುಳಿ ಬರಿಸಿದ ದ್ರಾಕ್ಷೀನೇ, ಅದರಲ್ಲೂ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರುತ್ತೆ, ಲೇಬಲ್ ಮೇಲೇನೇ ಬರೆದಿರ್ತಾರೆ. ಈ ವರ್ಷದ ಬಾಟಲಿ ಹೋದ ವರ್ಷದಷ್ಟು ಘಮ್ ಅಂತಿಲ್ಲ ಕಣೋ, ಬೆಲ್ಲ ಸರಿಯಿಲ್ಲ ಅನ್ಸುತ್ತೆ ಅಂತ ಒಂದೇ ಗುಟುಕಿಗೆ ಹೇಳಿಬಿಡ್ತಾರೆ, ಏಪ್ರನ್ ಹಾಕ್ಕೊಂಡ ಸಾರ್‌ಗಿಂತ ನನಗೆ ಇವರ ನಾಲಿಗೆ ಮೇಲೇ ನಂಬಿಕೆ.

ರಾಜ್ಯದ ವೈನ್ ನೀತಿ ಬಂದಿದ್ದು 2007ರಲ್ಲಿ, ಅದರಲ್ಲಿ ನಂದಿ ಕಣಿವೆಗೆ ಒಳ್ಳೇ ಜಾಗಾನೂ ಕೊಟ್ಟಿದಾರೆ. ಇದು ಈ ಸೀಮೆಯದೇ ಬೆಳೆ ಅಂತ ಗುರುತಿಸೋ ಜಿಐ ಟ್ಯಾಗೂ ಬ್ಲೂಗೆ ಸಿಕ್ಕಿದೆ, ಪಕ್ಕದ ದೇವನಹಳ್ಳಿ ಚಕೋತಕ್ಕೂ ಸಿಕ್ಕಿದೆ. ಗೋವಾಗೆ ಹೋದೋರು ಪೋರ್ಟ್ ವೈನ್ ಅಂತ ಸಿಹಿ ಸಿಹಿ ಬಾಟಲಿ ತಂದು ಗೋವಾ ಸ್ಪೆಷಲ್ ಅಂತ ಹಂಚ್ತಾರಲ್ಲ, ಅದಕ್ಕೂ ನಮ್ಮ ಬ್ಲೂನೇ ಇಲ್ಲಿಂದ ಲಾರಿ ಹತ್ತೋದು. ಇಷ್ಟೆಲ್ಲ ಇದ್ದೂ ಪ್ರಪಂಚದ ಆ ಪಂಚಾಂಗದಲ್ಲಿ ಇದಕ್ಕೆ ಒಂದು ದಿನ ಇಲ್ಲ, ಅರ್ಧ ದಿನಾನೂ ಇಲ್ಲ.

ಅದಕ್ಕೆ ನಾವೇ ಮಾಡೋಣ ಅಂತ ಹಾಲಿನ ಡೈರಿ ಮುಂದೆ ಮೀಟಿಂಗ್ ಸೇರಿದ್ವಿ. ಬೆಂಗಳೂರು ಬ್ಲೂ ಡೇ. ಹೆಸರಿಗೆ ಎಲ್ಲರೂ ಒಪ್ಪಿದ್ರು, ಬ್ಯಾನರಲ್ಲಿ ಯಾರ ಫೋಟೋ ಅನ್ನೋದಕ್ಕೆ ಮಾತ್ರ ಒಂದು ಗಂಟೆ ಹಿಡೀತು. ತಾರೀಕಿಗೆ ಬಂದಾಗ ಗಲಾಟೆ. ಫೆಬ್ರವರೀಲಿ ಇಡೋಣ ಅಂದ್ರೆ ಆಗ ಎಲ್ಲರ ಹಣ್ಣೂ ಒಟ್ಟಿಗೆ ಬಂದು ರೇಟ್ ಬಿದ್ದಿರುತ್ತೆ, ಆಚರಿಸೋ ಮೂಡ್ ಇರಲ್ಲ. ಏಪ್ರಿಲ್ ಅಂದ್ರೆ ಆಲಿಕಲ್ಲು ಮಳೆ, ಶಾಮಿಯಾನದ ಬಾಡಿಗೇನೂ ನಷ್ಟ. ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತಲ್ಲ, ಹಂಗಾದ್ರೆ ಎರಡು ಡೇ ಬೇಕು ಅಂತ ಒಬ್ಬರು, ಒಂದಕ್ಕೇ ದುಡ್ಡಿಲ್ಲ ಕೂತ್ಕೊಳಯ್ಯ ಅಂತ ಇನ್ನೊಬ್ಬರು. ಸೆಪ್ಟೆಂಬರಲ್ಲಿ ಬೋರ್ ಕೈ ಕೊಟ್ಟು ಹೊಸ ಪಾಯಿಂಟ್ ನೋಡ್ಸೋಕೆ ತೆಂಗಿನಕಾಯಿ ಹಿಡ್ಕೊಂಡು ಓಡಾಡ್ತಿರ್ತೀವಿ.

ಕೊನೆಗೆ ಮೂಲೇಲಿ ಕೂತಿದ್ದ ಮಾವ, ಅಲ್ಲಯ್ಯಾ, ಆ ಕ್ಯಾಬರ್ನೆಯೋರು ದಿನ ಹೆಂಗೆ ಇಡ್ತಾರೆ ನೋಡಿ ಹೇಳು ಅಂದ್ರು. ಮೊಬೈಲ್ ತೆಗೆದು ನೋಡಿದ್ವಿ. ಅದಕ್ಕೆ ತಾರೀಕು ಅಂತ ಫಿಕ್ಸ್ ಇಲ್ಲ, ಅಮೆರಿಕದಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ ಅಂತ ರಜ ಬರುತ್ತಂತೆ, ಅದಕ್ಕೆ ಹಿಂದಿನ ಗುರುವಾರ ಕ್ಯಾಬರ್ನೆ ಡೇ. ಮಾವ ತೊಡೆ ತಟ್ಟಿ, ಸರಿ ಹಂಗೇ ನಾವೂ ಇಡೋಣ, ವ್ಯಾಪಾರಿ ಹೋದ ಬೆಳೆ ಬಾಕಿ ಪೂರ್ತಿ ಚುಕ್ತಾ ಮಾಡೋ ದಿನಕ್ಕೆ ಹಿಂದಿನ ಗುರುವಾರ ಅಂದ್ರು. ಅವಿರೋಧವಾಗಿ ಪಾಸ್ ಆಯ್ತು. ಬ್ಯಾನರ್ ಹಾಕೋ ಹುಡುಗ ತಾರೀಕು ಹೇಳಣ್ಣ ತಾರೀಕು ಹೇಳಣ್ಣ ಅಂತ ಫೋನ್ ಮಾಡ್ತಾನೇ ಇದಾನೆ, ಅಲ್ಲೊಂಚೂರು ಜಾಗ ಖಾಲಿ ಬಿಟ್ಟು ಪ್ರಿಂಟ್ ಹೊಡಿಯಪ್ಪ, ಆಮೇಲೆ ಮಾರ್ಕರಲ್ಲಿ ಬರ್ಕೋತೀವಿ ಅಂದಿದೀವಿ.