ಬೋಟು ಎಣಿಸಿದರೆ ಸಾಲದು, ಇಂಜಿನ್ನೂ ನೋಡಿ

ಮೀನು ಕಡಿಮೆಯಾದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಒಂದೇ ಮಾತು. "ಇನ್ನು ಹೊಸ ಬೋಟಿಗೆ ಪರ್ಮಿಷನ್ ಕೊಡಬಾರದು ಮಾರಾಯ್ರೆ." ಹೀಗೆ ಹೇಳುವವರಲ್ಲಿ ಬೋಟಿನ ಮಾಲೀಕರೇ ಜಾಸ್ತಿ. ಒಳಗಿರುವವರಿಗೆ ಬಾಗಿಲು ಹಾಕಿದರೆ ಲಾಭ, ಅದು ಸಹಜ. ನಾನೂ ಬಾಗಿಲು ಹಾಕಬೇಕು ಅನ್ನುವವನೇ. ಆದರೆ ಬೋಟಿನ ತಲೆ ಎಣಿಸಿ ಸುಮ್ಮನಾದರೆ ಮೀನು ಉಳಿಯುವುದಿಲ್ಲ. ಪರವಾನಗಿ ಇದ್ದವರಿಗೆ ಒಂದು ಆಸ್ತಿ ಆಗುತ್ತದೆ, ಅಷ್ಟೇ.

ಇದನ್ನು ಕೆನಡಾದವರು 1969ರಲ್ಲೇ ಮಾಡಿ ನೋಡಿದ್ದಾರೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್ ಹಿಡಿಯುವ ಬೋಟುಗಳ ಪರವಾನಗಿಗೆ ಮಿತಿ ಹಾಕಿದರು. ಬೋಟುಗಳ ಸಂಖ್ಯೆ ಇಳಿಯಿತು. ಆದರೆ ಜನ ಸಣ್ಣ ಬೋಟುಗಳ ಪರವಾನಗಿ ಕೊಂಡು, ಒಟ್ಟುಮಾಡಿ, ದೊಡ್ಡ ಬೋಟು ಇಳಿಸಿದರು. ಇಂಜಿನ್, ಬಲೆ, ಯಂತ್ರ ಎಲ್ಲ ಸುಧಾರಿಸಿತು. ಬೋಟು ಕಡಿಮೆ, ಹಿಡಿಯುವ ತಾಕತ್ತು ಜಾಸ್ತಿ. ಪರವಾನಗಿಯ ಬೆಲೆಯೂ ಏರಿತು. ಸರ್ಕಾರ ಮೀನು ಉಳಿಸಲು ಹೋಗಿ ಕಾಗದಕ್ಕೆ ಬೆಲೆ ತಂದುಕೊಟ್ಟಿತು.

ನಮ್ಮಲ್ಲೂ ನೋಡಿ. ಹಿಂದೆ ನೀರಿನಡಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿಗೆ ನೂರರ ಆಸುಪಾಸಿನ ಎಚ್‌ಪಿ ಇಂಜಿನ್ ಸಾಕಾಗುತ್ತಿತ್ತು. ಈಗ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ 350, 400 ಎಚ್‌ಪಿ ಇಂಜಿನ್ ಕೂಡ ಇವೆ. ಮೀನು ಹುಡುಕುವ ಯಂತ್ರ, ಜಿಪಿಎಸ್, ಹತ್ತು ದಿನಕ್ಕೆ ಆಗುವಷ್ಟು ಐಸು, ಡೀಸೆಲ್. ರಿಜಿಸ್ಟರಿನಲ್ಲಿ ಇದೂ ಒಂದು ಬೋಟು, ಅದೂ ಒಂದು ಬೋಟು. ಒಂದೇ ಒಂದು ಹೊಸ ಬೋಟಿಗೆ ಅನುಮತಿ ಕೊಡದಿದ್ದರೂ ಸಮುದ್ರದ ಮೇಲಿನ ಹೊರೆ ದುಪ್ಪಟ್ಟಾಗಬಹುದು, ಅಲ್ವಾ?

ಬಾಗಿಲು ತೆರೆದಿಟ್ಟು ಕೂತರೆ ಏನಾಗುತ್ತದೆ ಅನ್ನುವುದಕ್ಕೆ ರಂಪಣಿ ಕಥೆ ಇದೆ. ದಡದಿಂದ ಊರವರೆಲ್ಲ ಸೇರಿ ಎಳೆಯುತ್ತಿದ್ದ ಬಲೆ ಅದು. ಬಂದ ಬಂಗುಡೆ, ಬೂತಾಯಿ (ಸಾರ್ಡೀನ್) ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಗೆ ಸುತ್ತುವರಿದು ಹಿಡಿಯುವುದು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಜಗಳ, ಹೊಡೆದಾಟ ಎಲ್ಲ ಆದವು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ಯಾರು ಒಳಗೆ, ಯಾರು ಹೊರಗೆ ಅನ್ನುವುದು ತೀರ್ಮಾನ ಆಗಿಹೋಗಿತ್ತು. ದಡದ ಹತ್ತಿರದ ನೀರು ನಾಡದೋಣಿಗಳಿಗೆ ಅಂತ ಕಾಯ್ದೆಯಲ್ಲಿ ಬರೆದರು. ಬರೆದದ್ದು ಒಳ್ಳೆಯದೇ. ಪಾಲನೆ ಬಗ್ಗೆ ನಾಡದೋಣಿಯವರನ್ನೇ ಕೇಳಿ.

ಇನ್ನೊಂದು ವಿಚಿತ್ರ ಇದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ರಾಜ್ಯದ ಅಧಿಕಾರ. ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. ವಿದೇಶಿ ಹಡಗುಗಳನ್ನು ತಡೆಯಲು 1981ರಲ್ಲೇ ಕಾಯ್ದೆ ಬಂತು. ನಮ್ಮದೇ ಬೋಟು ಅಲ್ಲಿ ಹೇಗೆ ಮೀನು ಹಿಡಿಯಬೇಕು ಅನ್ನುವುದಕ್ಕೆ ಸರಿಯಾದ ನಿಯಮ ಇರಲಿಲ್ಲ. ಬೆಳಕು ಮೀನುಗಾರಿಕೆಗೆ, ಅಂದರೆ ದೀಪ ಹಾಕಿ ಮೀನು ಸೆಳೆದು ಹಿಡಿಯುವುದಕ್ಕೆ, 2017ರಲ್ಲಿ ನಿಷೇಧ ಬಂತು, ಆದೇಶದ ರೂಪದಲ್ಲಿ. ಮಲ್ಪೆ, ಮಂಗಳೂರಿನ ಬೋಟುಗಳು ದಿನಗಟ್ಟಲೆ ಕಸುಬು ಮಾಡುವುದು ಆ ನೀರಿನಲ್ಲೇ.

ಕೊನೆಗೆ 2025ರ ನವೆಂಬರಿನಲ್ಲಿ 12 ಮೈಲಿ ಆಚೆಯ ಆ ನೀರಿಗೆ ಕೇಂದ್ರ ನಿಯಮ ತಂದಿತು. ಯಾಂತ್ರೀಕೃತ ಬೋಟುಗಳಿಗೆ, ದೊಡ್ಡ ಮೋಟಾರು ದೋಣಿಗಳಿಗೆ ಅಲ್ಲಿ ಮೀನು ಹಿಡಿಯಲು ಆ್ಯಕ್ಸೆಸ್ ಪಾಸ್ (ಅನುಮತಿ ಪತ್ರ) ಬೇಕು. ಪಾಸ್ ಆನ್‌ಲೈನ್, ಶುಲ್ಕ ಇಲ್ಲ. ಸಣ್ಣ ಸಾಂಪ್ರದಾಯಿಕ ದೋಣಿಗಳಿಗೆ ಪಾಸೇ ಬೇಡ. ವಿದೇಶಿ ಹಡಗಿಗೆ ಜಾಗ ಇಲ್ಲ. ಎಲ್‌ಇಡಿ ಬೆಳಕು, ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ನಿಷೇಧ. ಆಳಸಮುದ್ರದ ಅವಕಾಶದಲ್ಲಿ ಸಹಕಾರ ಸಂಘಗಳಿಗೆ, ಮೀನುಗಾರರ ಉತ್ಪಾದಕ ಸಂಸ್ಥೆಗಳಿಗೆ ಮೊದಲ ಆದ್ಯತೆ. ಈ ಕೊನೆಯದು ನನಗೆ ಬಹಳ ಇಷ್ಟವಾಯಿತು. 1990ರ ದಶಕದಲ್ಲಿ ವಿದೇಶಿ ಪಾಲುದಾರಿಕೆಯ ಹಡಗುಗಳಿಗೆ ಆಳಸಮುದ್ರ ಬಿಟ್ಟುಕೊಟ್ಟಾಗ ಮೀನುಗಾರರ ನಾಯಕ ಥಾಮಸ್ ಕೋಚೇರಿಯಂಥವರು ಉಪವಾಸ ಕೂರಬೇಕಾಯಿತು. ಅದನ್ನು ಪರಿಶೀಲಿಸಲು ಸರ್ಕಾರದ ಮುರಾರಿ ಸಮಿತಿ ಬಂದು, ಆ ನೀತಿಯೇ ವಾಪಸಾಯಿತು. ಈಗ ಕಾಗದದ ಮೇಲಾದರೂ ಮೀನುಗಾರರ ಹೆಸರು ಮೊದಲು ಬಂದಿದೆ.

ಕಾಗದದ ಮೇಲೆ ಅಂದೆ, ಯಾಕೆ ಗೊತ್ತಾ? ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಆಳಸಮುದ್ರ ಬೋಟಿಗೆ 1.2 ಕೋಟಿ ರೂಪಾಯಿ ಘಟಕ ವೆಚ್ಚ ಇಟ್ಟಿದ್ದರು. ಸಬ್ಸಿಡಿ 40 ಶೇಕಡಾ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60. ಉಳಿದ ದುಡ್ಡು ಹಾಕುವವರು ಯಾರು? ಬೋಟಿನಲ್ಲಿ ಕಲಾಸಿಯಾಗಿ (ಕೂಲಿಯಾಳಾಗಿ) ದುಡಿಯುವವನ ಹತ್ತಿರ ಅಷ್ಟು ಎಲ್ಲಿದೆ? ಹೆಸರು ಸಂಘದ್ದು, ದುಡ್ಡು ಯಾರೋ ಕಮಿಷನ್ ಏಜೆಂಟರದ್ದು ಅಂತ ಆದರೆ ಆದ್ಯತೆಗೆ ಅರ್ಥ ಏನು? ಜೊತೆಗೆ, ಹೊಸದು ಒಂದು ಇಳಿಯುವಾಗ ಹಳೇ ಟ್ರಾಲ್ ಬೋಟು ಒಂದು ಖಾಯಂ ಆಗಿ ಹೊರಗೆ ಹೋಗಬೇಕು. ಒಂದು ಕೈಯಲ್ಲಿ ಮಿತಿ, ಇನ್ನೊಂದು ಕೈಯಲ್ಲಿ ಸಬ್ಸಿಡಿ ಆಗಬಾರದು.

ಎಲ್ಲ ತಪ್ಪು ಬೋಟಿನದ್ದೇ ಅಂತ ನಾನು ಹೇಳುವುದಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಲೆಕ್ಕದಲ್ಲಿ ಕೇರಳಕ್ಕೆ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ 3,297 ಟನ್. ಇದರಲ್ಲಿ ಕಡಲ ಬಿಸಿ, ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವುದು) ಕೈವಾಡವೂ ಇದೆ. ಆದರೆ ನನ್ನ ವಾದಕ್ಕೆ ಇದೇ ಬಲ. ಮೀನು ಇಷ್ಟು ಏರಿಳಿಯುವಾಗ, ಒಳ್ಳೆಯ ವರ್ಷ ನೋಡಿ ಕೊಟ್ಟ ಪರವಾನಗಿ ಕೆಟ್ಟ ವರ್ಷಕ್ಕೆ ವಿಪರೀತ ಜಾಸ್ತಿ. ಕೊಟ್ಟ ಮೇಲೆ ವಾಪಸ್ ಪಡೆಯಲು ಯಾವ ಸರ್ಕಾರಕ್ಕೂ ಧೈರ್ಯ ಇಲ್ಲ, ವೋಟಿನ ವಿಷಯ. ಹಾಗಾಗಿ ಪರವಾನಗಿಗೆ ಅವಧಿ ಇರಲಿ. ಐದು ವರ್ಷಕ್ಕೊಮ್ಮೆ ಮೀನಿನ ಸ್ಥಿತಿ ನೋಡಿ ನವೀಕರಿಸಲಿ. ಇಂಜಿನ್ನಿಗೆ ಮಿತಿ ಇರಲಿ. ಮಾರುವುದಾದರೆ ಸಂಘದ ಮೂಲಕವೇ ಮಾರಲಿ, ಮೊದಲ ಹಕ್ಕು ಅದೇ ಬಂದರಿನ ತಂಡೇಲರಿಗೆ (ಬೋಟು ನಡೆಸುವವರಿಗೆ), ಕಲಾಸಿಗಳಿಗೆ ಇರಲಿ. ಮರಿಮೀನು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುವುದನ್ನು ಮೀನು ಇಳಿಸುವ ದಕ್ಕೆಯಲ್ಲೇ ತಡೆಯಲಿ. ಇಂತಿಷ್ಟು ಗಾತ್ರಕ್ಕಿಂತ ಸಣ್ಣ ಮೀನು ಹಿಡಿಯಬಾರದು ಅನ್ನುವ ನಿಯಮವನ್ನು ಕೇರಳ 2015ರಲ್ಲೇ ತಂದಿದೆ.

"ಎಲ್ಲ ಸರಿ, ತಪಾಸಣೆಗೆ ಜನ ಎಲ್ಲಿ?" ಅಂತ ಕೇಳುವವರಿದ್ದಾರೆ. ಇಂಜಿನ್ ತಪಾಸಣೆಗೆ ಸಮುದ್ರಕ್ಕೆ ಹೋಗಬೇಕಾಗಿಲ್ಲ. ಜೂನ್, ಜುಲೈ ರಜೆಯಲ್ಲಿ ಅಷ್ಟೂ ಬೋಟು ಬಂದರಿನಲ್ಲೇ ಕಟ್ಟಿರುತ್ತವೆ. ಕರರಹಿತ ಡೀಸೆಲ್ ಕೊಡುವುದೂ ಇಲಾಖೆಯ ಲೆಕ್ಕದಲ್ಲೇ. ಇಂಜಿನ್ ಸುಳ್ಳು ಹೇಳಿದವರಿಗೆ ಡೀಸೆಲ್ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು.

ಮಲ್ಪೆ, ಗಂಗೊಳ್ಳಿ, ಭಟ್ಕಳ ಕಡೆಯವರು ಯಾರಾದರೂ ಹೊಸ ಪಾಸಿಗೆ ಅರ್ಜಿ ಹಾಕಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಅರ್ಜಿಯಲ್ಲಿ ಬರೆದ ಎಚ್‌ಪಿ ನಿಜವಾ ಅಂತ ಯಾರಾದರೂ ಬಂದು ಬೋಟು ಹತ್ತಿ ನೋಡಿದರಾ?