ಹಳೆಯ ರಾಕ್ ಬ್ಯಾಂಡು, ಸಣ್ಣ ಪಬ್ಬು: ಎಲ್ಲಿ ನಿಲ್ಲಬೇಕು, ಏನು ಕೇಳಬೇಕು

ಮೂವತ್ತು ನಲವತ್ತು ವರ್ಷದಿಂದ ನುಡಿಸುತ್ತಾ ಬಂದಿರುವ ರಾಕ್ ಬ್ಯಾಂಡನ್ನು ಸ್ಟೇಡಿಯಮ್ಮಿನಲ್ಲಿ ನೋಡುವುದರ ಬಗ್ಗೆ ನನಗೆ ಮೊದಲಿಂದಲೂ ತಕರಾರಿದೆ. ಟಿಕೆಟ್ಟಿನ ದುಡ್ಡಿನ ಮಾತು ಪಕ್ಕಕ್ಕಿರಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಿಂದ 70 ಮೀಟರ್ ದೂರದಲ್ಲಿ ಕೂತವರಿಗೆ ಡ್ರಮ್ಮರ್‌ನ ಕೋಲು ಬಿದ್ದು ಸೆಕೆಂಡಿನ ಐದನೇ ಒಂದು ಭಾಗ ಕಳೆದ ಮೇಲೆ ಪೆಟ್ಟು ಕೇಳಿಸುತ್ತದೆ. ಕಣ್ಣಿನ ತಾಳ ಒಂದು, ಕಿವಿಯ ತಾಳ ಇನ್ನೊಂದು. ಅದೇ ಪಬ್ಬಿನಲ್ಲಿ ನಾಲ್ಕು ಮೀಟರ್ ದೂರ ನಿಂತರೆ ಆ ಅಂತರ 12 ಮಿಲಿಸೆಕೆಂಡು. ಇಲ್ಲವೇ ಇಲ್ಲ ಅಂತಲೇ ಲೆಕ್ಕ.

ಆದರೆ ನಾನು ಪಬ್ಬಿನ ಪರ ವಾದಿಸುವುದಕ್ಕೆ ಮುಖ್ಯ ಕಾರಣ ಬೇರೆ. ಹಳಬರಿಗೆ ಬೆರಳಿನ ವೇಗ ಕಡಿಮೆಯಾಗಿರುತ್ತದೆ, ಗಂಟಲು ಮೊದಲಿನಂತೆ ಮೇಲೇರುವುದಿಲ್ಲ. ಅವರಲ್ಲಿ ಉಳಿದಿರುವ, ಅಷ್ಟೇ ಅಲ್ಲ ಬೆಳೆದಿರುವ ವಿದ್ಯೆ ಒಂದು: ಸದ್ದನ್ನು ಅಳತೆಯಲ್ಲಿಟ್ಟು ಒಬ್ಬರಿಗೊಬ್ಬರು ಜಾಗ ಬಿಡುವುದು. ದೊಡ್ಡ ಮೈದಾನದಲ್ಲಿ ಆ ಕೆಲಸವನ್ನು ಮಿಕ್ಸರ್ ಮುಂದೆ ಕೂತ ಎಂಜಿನಿಯರ್ ಮಾಡಿಬಿಡುತ್ತಾನೆ. ನೂರು ಜನ ಹಿಡಿಸುವ ಕೋಣೆಯಲ್ಲಿ ಬ್ಯಾಂಡೇ ಮಾಡಬೇಕು. ಗೊತ್ತಿಲ್ಲದವರು ಅಲ್ಲಿ ಎರಡೇ ಹಾಡಿಗೆ ಸಿಕ್ಕಿಬೀಳುತ್ತಾರೆ.

ಈ ವಿದ್ಯೆಗೊಂದು ಚರಿತ್ರೆಯೂ ಇದೆ. 1971ರಲ್ಲಿ ಎಗ್ಸ್ ಓವರ್ ಈಝಿ ಎಂಬ ಅಮೆರಿಕನ್ ತಂಡ ಲಂಡನ್ನಿನ ಕೆಂಟಿಷ್ ಟೌನಿನ ಟ್ಯಾಲಿ ಹೋ ಪಬ್ಬಿನಲ್ಲಿ ನುಡಿಸತೊಡಗಿತು. ಅಲ್ಲಿಂದ ಹಬ್ಬಿದ್ದನ್ನೇ ಪಬ್ ರಾಕ್ ಅಂದರು. ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್ ಪಬ್ಬಿನ ನೆಲಮಾಳಿಗೆ ಅದರ ದೊಡ್ಡ ಠಿಕಾಣಿ. ಕ್ಯಾನ್ವಿ ದ್ವೀಪದ ಡಾಕ್ಟರ್ ಫೀಲ್‌ಗುಡ್ ಇಂಥ ಕೋಣೆಗಳಲ್ಲೇ ಹದಗೊಂಡ ಬ್ಯಾಂಡು. 1976ರಲ್ಲಿ ಇವರ ಲೈವ್ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವರ ಗಿಟಾರ್ ವಾದಕ ವಿಲ್ಕೊ ಜಾನ್ಸನ್ ಪಿಕ್ ಹಿಡಿಯದೆ ಬರಿಬೆರಳಲ್ಲಿ ಕಾರ್ಡನ್ನೂ (ಹಲವು ಸ್ವರಗಳ ಗೊಂಚಲು) ಲೀಡನ್ನೂ (ಬಿಡಿ ಸ್ವರಗಳ ಮುಖ್ಯ ನುಡಿಸಾಣಿಕೆ) ಒಟ್ಟಿಗೇ ನುಡಿಸುತ್ತಿದ್ದ. ಜನ ಅದನ್ನು ಶೈಲಿ ಅಂತ ಮೆಚ್ಚುತ್ತಾರೆ, ಸರಿಯೇ. ಅದರ ಇನ್ನೊಂದು ಫಲ ನೋಡಿ: ಎರಡನೇ ಗಿಟಾರೇ ಬೇಡವಾಯಿತು. ಇಕ್ಕಟ್ಟಾದ ಕೋಣೆಯಲ್ಲಿ ಒಂದು ಆಂಪ್, ಅಂದರೆ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಕಡಿಮೆಯಾದರೆ ಹಾಡುಗಾರನ ಮಾತು ಅಷ್ಟರಮಟ್ಟಿಗೆ ಸ್ಪಷ್ಟ.

ಪಬ್ಬಿನಲ್ಲಿ ಎಲ್ಲವೂ ಶುರುವಾಗುವುದು ಡ್ರಮ್ಮಿನಿಂದ. ಅದಕ್ಕೆ ವಾಲ್ಯೂಮ್ ಗುಂಡಿ ಇಲ್ಲ. ಜೋರಾಗಿ ಹೊಡೆದರೆ ಸ್ನೇರ್ ಎಂಬ ಚಿಕ್ಕ ಡ್ರಮ್ಮು ಒಂದೇ, ಯಾವ ಮೈಕೂ ಇಲ್ಲದೆ, ಸಣ್ಣ ಕೋಣೆಯಲ್ಲಿ 100 ಡೆಸಿಬೆಲ್ ದಾಟುತ್ತದೆ. ಅದರ ಮೇಲೆ ಕೇಳಿಸಲು ಗಿಟಾರಿಸ್ಟ್ ಆಂಪ್ ಏರಿಸುತ್ತಾನೆ, ಗಿಟಾರಿನ ಮೇಲೆ ಕೇಳಿಸಲು ಗಾಯಕನ ಮೈಕ್ ಏರಿಸಬೇಕು, ಗಾಯಕನಿಗೆ ತನ್ನ ದನಿ ಕೇಳಿಸಲು ಕಾಲ ಬಳಿಯ ಮಾನಿಟರ್ ಏರಿಸಬೇಕು, ಮಾನಿಟರಿನ ಸದ್ದು ಮತ್ತೆ ಮೈಕಿಗೆ ನುಗ್ಗಿ ಕುಂಯ್ ಎಂದು ಫೀಡ್‌ಬ್ಯಾಕ್ ಶುರು. ಎಲ್ಲರೂ ಸೌಂಡ್ ಎಂಜಿನಿಯರನ್ನು ಬೈಯುತ್ತಾರೆ. ತಪ್ಪು ಮಾತ್ರ ಹಿಂದೆ ಡ್ರಮ್ ಬಳಿ ಹುಟ್ಟಿರುತ್ತದೆ.

ಅದಕ್ಕೇ ಪಳಗಿದ ಡ್ರಮ್ಮರ್ ಸಣ್ಣ ಕೋಣೆಗೆ 5ಬಿ ಬದಲು ತೆಳುವಾದ 7ಎ ಕೋಲು ತರುತ್ತಾನೆ. ಇನ್ನೂ ಚಿಕ್ಕ ಜಾಗವಾದರೆ ಸಣ್ಣ ಕಡ್ಡಿಗಳ ಕಟ್ಟು, ಅದೇ ರಾಡ್ಸ್ ಅನ್ನುತ್ತಾರಲ್ಲ, ಅದು. ಕೋಲನ್ನು ಎತ್ತುವ ಎತ್ತರವೇ ಕಡಿಮೆ. ಮುಖ್ಯವಾಗಿ ಅವನ ಸಿಂಬಲ್ ಪೆಟ್ಟು ಗಮನಿಸಿ. ಹೊಸಬರು ಸಿಂಬಲ್‌ಗೆ ಅಪ್ಪಳಿಸಿ ಸ್ನೇರ್‌ಗೆ ಮೆಲ್ಲಗೆ ಹೊಡೆಯುತ್ತಾರೆ, ಹಳಬರದು ಉಲ್ಟಾ. ಯಾಕೆಂದರೆ ಗಾಯಕನ ಮೈಕಿನ ಮೂತಿ ಇರುವುದು ಡ್ರಮ್ಮಿನ ಕಡೆಗೇ. ಗಾಯಕ ಒಂದು ಕ್ಷಣ ಪಕ್ಕಕ್ಕೆ ಸರಿದರೆ ಸಿಂಬಲ್‌ಗಳ ಸದ್ದು ನೇರ ಆ ಮೈಕಿಗೆ ಬೀಳುತ್ತದೆ. ಆಮೇಲೆ ದನಿ ಏರಿಸಿದಷ್ಟೂ ಸಿಂಬಲ್ ಏರುತ್ತದೆ.

ಗಿಟಾರ್ ಆಂಪ್ ವಿಚಾರದಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಮೊದಲನೆಯದು ವಾಟ್ಸ್. 30 ವಾಟಿನ ವಾಲ್ವ್ (ಹಳೆಯ ಕಾಲದ ಗಾಜಿನ ಕೊಳವೆಯ) ಆಂಪಿಗಿಂತ 100 ವಾಟಿನದು ಮೂರು ಪಟ್ಟು ಜೋರು ಅಂತ ಅನೇಕರು ನಂಬಿದ್ದಾರೆ. ವ್ಯತ್ಯಾಸ ಬರೀ 5 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ 10 ಡೆಸಿಬೆಲ್ ಬೇಕು. ವಾಲ್ವ್ ಆಂಪಿನ ಆ ಕೊಬ್ಬಿದ, ತುಸು ಒಡೆದ ದನಿ ಬರುವುದು ಅದನ್ನು ದುಡಿಸಿದಾಗ. 100 ವಾಟಿನದನ್ನು ಪಬ್ಬಿನಲ್ಲಿ ದುಡಿಸಿದರೆ ಗ್ರಾಹಕರು ಖಾಲಿ. ಹಾಗಾಗಿ ಬುದ್ಧಿವಂತರು 15ರಿಂದ 30 ವಾಟಿನ ಚಿಕ್ಕ ಆಂಪ್ ತಂದು ಅದನ್ನೇ ಮೈತುಂಬ ದುಡಿಸುತ್ತಾರೆ.

ಎರಡನೆಯದು ದಿಕ್ಕು. 12 ಇಂಚಿನ ಸ್ಪೀಕರಿನಿಂದ ಚೂಪು ಸದ್ದು ಎಲ್ಲಾ ಕಡೆ ಹರಡುವುದಿಲ್ಲ, ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಆ ಸದ್ದು ಗಿಟಾರಿಸ್ಟನ ಮೊಣಕಾಲಿಗೆ ಬಡಿಯುತ್ತದೆ. ಅವನ ಕಿವಿಗೆ ಮಂದವಾಗಿ ಕೇಳಿಸುತ್ತದೆ, ಟ್ರೆಬಲ್, ಅಂದರೆ ಚೂಪು ಸದ್ದು, ಏರಿಸುತ್ತಾನೆ. ನಾಲ್ಕು ಮೀಟರ್ ಎದುರಿಗೆ ನಿಂತವರ ಕಿವಿಗೆ ದಬ್ಬಣ. ಇದಕ್ಕೆ ವಯಸ್ಸನ್ನೂ ಸೇರಿಸಿ: ದಶಕಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಮಂದವಾಗುವುದು 4,000 ಹರ್ಟ್ಸ್ ಸುತ್ತಮುತ್ತ. ಅಲ್ಲಿ ಕೇಳಿಸದ್ದನ್ನು ತುಂಬಿಕೊಳ್ಳಲು ಹೋಗಿ ಕೆಲವು ಹಿರಿಯ ಗಿಟಾರಿಸ್ಟರು ಕೋಣೆಯನ್ನೇ ಕೊರೆಯುತ್ತಾರೆ. ಪರಿಹಾರ ಸುಲಭ. ಆಂಪನ್ನು ಹಿಂದಕ್ಕೆ ವಾಲಿಸಿ ಅವರ ಕಿವಿಗೇ ಗುರಿಯಿಡಬೇಕು, ಅಥವಾ ಕುರ್ಚಿಯ ಮೇಲಿಡಬೇಕು, ಇಲ್ಲವೇ ವೇದಿಕೆಯ ಪಕ್ಕದಲ್ಲಿಟ್ಟು ಅಡ್ಡಕ್ಕೆ ತಿರುಗಿಸಬೇಕು. ಬ್ಯಾಂಡು ಬರುವ ಮೊದಲೇ ವೇದಿಕೆಯ ಮೇಲೆ ವಾಲಿಸಿಟ್ಟ ಆಂಪ್ ಕಂಡರೆ ಅವತ್ತಿನ ಸಂಜೆ ಚೆನ್ನಾಗಿರುತ್ತದೆ ಅಂತ ಅರ್ಧ ಧೈರ್ಯ ತಂದುಕೊಳ್ಳಬಹುದು.

ಬೇಸ್ ಗಿಟಾರಿನ ತೊಂದರೆಗೆ ಬ್ಯಾಂಡು ಹೊಣೆಯಲ್ಲ, ಕಟ್ಟಡ ಹೊಣೆ. ಚಾವಣಿ 2.5 ಮೀಟರ್ ಎತ್ತರ ಇದ್ದರೆ ನೆಲ ಚಾವಣಿಯ ನಡುವೆ ಸುಮಾರು 69 ಹರ್ಟ್ಸ್‌ನ ಸ್ವರ ಊದಿಕೊಳ್ಳುತ್ತದೆ. ಬೇಸ್‌ನ ಎ ತಂತಿಯ ನಾಲ್ಕನೇ ಫ್ರೆಟ್, ಸಿ ಶಾರ್ಪ್, ಅದೇ ಜಾಗದಲ್ಲಿದೆ. ಬೇರೆ ಸ್ವರ ಸಲೀಸಾಗಿ ಹೋಗುತ್ತಿರುವಾಗ ಆ ಒಂದು ಸ್ವರಕ್ಕೆ ಮಾತ್ರ ಗಾಜಿನ ಲೋಟಗಳು ಗುಂಯ್‌ಗುಡುತ್ತವೆ. ಅನುಭವಿ ಬೇಸ್ ವಾದಕ ಸೌಂಡ್‌ಚೆಕ್ಕಿನಲ್ಲಿ ಒಂದೊಂದೇ ಸ್ವರ ಮೇಲಕ್ಕೆ ಹತ್ತಿ ಆ ಪಾಪಿ ಸ್ವರ ಯಾವುದು ಅಂತ ಗುರುತಿಸಿಕೊಂಡು, ಆ ಜಾಗ ಬಂದಾಗ ಬೆರಳು ಹಗುರ ಮಾಡುತ್ತಾನೆ.

ಈಗ ಕೇಳುವವರ ಜಾಗ. ವೇದಿಕೆಗೆ ಒರಗಿ ಮೊದಲ ಸಾಲಿನ ನಡುವೆ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ, ಹಾಡು ಬರುವುದಿಲ್ಲ. ಗಾಯಕನ ದನಿ ಹೊರಡುವ ಪಿಎ ಸ್ಪೀಕರುಗಳು ನಿಮ್ಮ ಎರಡೂ ಪಕ್ಕ ಆಚೆ, ತಲೆಯ ಮೇಲಿನ ಎತ್ತರದಲ್ಲಿರುತ್ತವೆ. ನಿಮಗೆ ಸಿಗುವುದು ಡ್ರಮ್ಮು, ಆಂಪು ಅಷ್ಟೇ. ಹಿಂದಿನ ಗೋಡೆಗೆ ಒರಗಿದರೆ, ಅದಕ್ಕಿಂತ ಮೂಲೆಗೆ ಹೋದರೆ, ಬೇಸ್ ಅತಿಯಾಗಿ ಊದುತ್ತದೆ. ಕೋಣೆಯ ಸರಿಯಾದ ನಟ್ಟನಡುವೆ ಬೇಸ್ ಸೊರಗುತ್ತದೆ. ಆದ್ದರಿಂದ ನಡುವಿಗಿಂತ ಎರಡು ಹೆಜ್ಜೆ ಮುಂದೆ, ಗಿಟಾರ್ ಆಂಪಿನ ನೇರದಿಂದ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಮಿಕ್ಸರ್ ಪಕ್ಕ ನಿಂತರೆ ಖಂಡಿತ ಚೆನ್ನಾಗಿರುತ್ತದೆ ಅನ್ನುವ ಮಾತು ಪಬ್ಬಿಗೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ಎಷ್ಟೋ ಕಡೆ ಮಿಕ್ಸರನ್ನೇ ಮೂಲೆಗೆ ತಳ್ಳಿರುತ್ತಾರೆ. ಮೂಲೆಯಲ್ಲಿ ಕೂತವನಿಗೆ ಬೇಸ್ ಜಾಸ್ತಿ ಕೇಳಿ ಇಳಿಸುತ್ತಾನೆ, ಉಳಿದ ಎಲ್ಲರಿಗೂ ಹಾಡು ತೆಳ್ಳಗಾಗುತ್ತದೆ. ಒಳ್ಳೆಯ ಎಂಜಿನಿಯರ್ ಎದ್ದು ಕೋಣೆ ಸುತ್ತಿ ಬರುತ್ತಾನೆ.

ಮೊದಲ ಎರಡು ಹಾಡಿಗೇ ತೀರ್ಪು ಕೊಡಬೇಡಿ. ಸೌಂಡ್‌ಚೆಕ್ ಆಗಿದ್ದು ಖಾಲಿ ಕೋಣೆಯಲ್ಲಿ. ಜನ ತುಂಬಿದಾಗ ಬಟ್ಟೆ, ಮೈ ಎಲ್ಲ ಚೂಪು ಸದ್ದನ್ನು ಹೀರಿಕೊಳ್ಳುತ್ತವೆ, ಬೇಸ್ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದನ್ನು ಸರಿಪಡಿಸಲು ಒಂದೆರಡು ಹಾಡು ಹಿಡಿಯುವುದು ಸಹಜ. ನಾಲ್ಕನೇ ಹಾಡಿಗೂ ಸಾಹಿತ್ಯ ಕೇಳಿಸುತ್ತಿಲ್ಲ ಅಂದರೆ ಆಗ ಬೈಯಿರಿ.

ಕಿವಿಯ ಲೆಕ್ಕ ಗಂಭೀರವಾದದ್ದು. ಕೆಲಸದ ಜಾಗಗಳಿಗೆ ಬಳಸುವ ಅಳತೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಕಳೆಯಬಹುದು ಅಂದುಕೊಂಡರೆ, ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ತಲಾ 45 ನಿಮಿಷದ ಎರಡು ಸೆಟ್ ಅಂದರೆ ಒಂದೂವರೆ ಗಂಟೆ. ಸ್ಪಂಜಿನ ಇಯರ್‌ಪ್ಲಗ್ ಸಾಕಷ್ಟು ತಡೆಯುತ್ತದೆ, ಆದರೆ ಚೂಪು ಸದ್ದನ್ನೇ ಹೆಚ್ಚು ನುಂಗುವುದರಿಂದ ಮಾತು ಮಸುಕಾಗುತ್ತದೆ. ಸಂಗೀತಗಾರರಿಗೆಂದು ಫಿಲ್ಟರ್ ಹಾಕಿ ಮಾಡಿದ ಪ್ಲಗ್ ಎಲ್ಲಾ ಸ್ವರವನ್ನೂ ಹೆಚ್ಚುಕಡಿಮೆ ಸಮವಾಗಿ ಇಳಿಸುತ್ತದೆ. ಸ್ಪಂಜಿನದೇ ಇದ್ದರೆ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಸುಮ್ಮನೆ ತುರುಕಿದರೆ ಇಟ್ಟೂ ಇಡದಂತೆ.

ಹಳಬರು ಶ್ರುತಿ ಇಳಿಸಿಕೊಳ್ಳುವುದನ್ನು ಕೆಲವರು ಸೋಲೆಂಬಂತೆ ಆಡಿಕೊಳ್ಳುತ್ತಾರೆ. ನನಗೆ ಅದು ಪ್ರಾಮಾಣಿಕತೆಯಾಗಿ ಕಾಣುತ್ತದೆ. ಗಂಟಲಿಗೆ ನಿಲುಕದ ಹಾಡನ್ನು ಅರ್ಧ ಅಥವಾ ಒಂದು ಸ್ವರ ಕೆಳಗೆ ಹಾಡುವುದು ಹೇಳಿದಷ್ಟು ಸುಲಭವೂ ಅಲ್ಲ. ಎಷ್ಟೋ ರಾಕ್ ರಿಫ್‌ಗಳು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳು) ಖಾಲಿ ತಂತಿಯನ್ನೇ ನಂಬಿವೆ. ಕೈಯನ್ನು ಬೇರೆ ಫ್ರೆಟ್ಟಿಗೆ ಸರಿಸಿದರೆ ರಿಫ್ ಸಾಯುತ್ತದೆ. ಹಾಗಾಗಿ ಗಿಟಾರನ್ನೇ ಇ ಬಿಟ್ಟು ಇ ಫ್ಲ್ಯಾಟಿಗೋ ಡಿಗೋ ಇಳಿಸಬೇಕು. ತಂತಿ ಸಡಿಲವಾಗಿ ಜೋರಾಗಿ ಮೀಟಿದಾಗ ಶ್ರುತಿ ಅಲುಗುತ್ತದೆ, ಅದಕ್ಕೆ 10ರ ಬದಲು 11ರ ದಪ್ಪ ತಂತಿ. ಕೀಬೋರ್ಡಿನವನಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಹಾರ್ಮೋನಿಕಾದವನು ಬೇರೆ ಶ್ರುತಿಯ ವಾದ್ಯವನ್ನೇ ಕೊಳ್ಳಬೇಕು. ಇಷ್ಟೆಲ್ಲ ಮಾಡುವ ಬದಲು ಲ್ಯಾಪ್‌ಟಾಪಿನಲ್ಲಿ ಹಳೆಯ ರೆಕಾರ್ಡಿನ ಹಿಮ್ಮೇಳ ಹಾಕಿ ಬಾಯಾಡಿಸುವ ಬ್ಯಾಂಡುಗಳಿವೆ. ಪಬ್ಬಿನಲ್ಲಿ ಅದಕ್ಕೆ ಕ್ಷಮೆಯಿಲ್ಲ.

ಪೋಸ್ಟರಿನ ಮೇಲಿನ ಹೆಸರನ್ನು ಪೂರ್ತಿ ನಂಬಲೂ ಬಾರದು. ಸ್ಯಾಕ್ಸನ್ ಬ್ಯಾಂಡಿನ ಹೆಸರಿನ ವ್ಯಾಜ್ಯದಲ್ಲಿ 2003ರಲ್ಲಿ ಇಂಗ್ಲೆಂಡಿನ ಹೈಕೋರ್ಟು, ಹೆಸರು ಒಬ್ಬೊಬ್ಬ ಸದಸ್ಯನದಲ್ಲ, ಒಟ್ಟು ಪಾಲುದಾರಿಕೆಯದು ಅಂತ ಹೇಳಿತು. ದಿ ಬೀಟ್ ಹೆಸರಿನಲ್ಲಿ ಒಂದು ಕಾಲಕ್ಕೆ ಅಮೆರಿಕದಲ್ಲೊಂದು, ಬ್ರಿಟನ್ನಿನಲ್ಲೊಂದು ತಂಡ ಇದ್ದವು. ಡಾಕ್ಟರ್ ಫೀಲ್‌ಗುಡ್‌ನ ಗಾಯಕ ಲೀ ಬ್ರಿಲೊ ತೀರಿಕೊಂಡದ್ದು 1994ರಲ್ಲಿ. ಮೂಲ ಸದಸ್ಯರು ಒಬ್ಬರೂ ಇಲ್ಲದೆಯೇ ಆ ಹೆಸರು ಮುಂದುವರಿಯಿತು. ಇದರಲ್ಲಿ ಮೋಸವೇನಿಲ್ಲ, ಆದರೆ ಟಿಕೆಟ್ ಕೊಳ್ಳುವ ಮೊದಲು ಈಗ ನುಡಿಸುವವರು ಯಾರು ಅಂತ ನೋಡಿ. ನನ್ನ ಅಳತೆಗೋಲು ಇಷ್ಟೇ: ಪ್ರಸಿದ್ಧ ಗಾಯಕನೊಬ್ಬ ಉಳಿದು ಬಾಕಿಯವರು ಬಾಡಿಗೆಗೆ ಬಂದವರಾದರೆ ಅನುಮಾನ. ಡ್ರಮ್ಮು, ಬೇಸ್ ಇಬ್ಬರೂ ಹದಿನೈದು ಇಪ್ಪತ್ತು ವರ್ಷದಿಂದ ಜೊತೆಗಿದ್ದರೆ, ಮುಂದೆ ಯಾರೇ ನಿಂತಿರಲಿ, ಹೋಗಿ.

ಪಬ್ಬಿನವರ ಕಷ್ಟವೂ ಇದೆ. ಇಂಗ್ಲೆಂಡು, ವೇಲ್ಸ್‌ಗಳಲ್ಲಿ ಮೊದಲು ಇಬ್ಬರಿಗಿಂತ ಹೆಚ್ಚು ಕಲಾವಿದರು ನುಡಿಸಿದರೆ ಮಾತ್ರ ಮನರಂಜನೆಯ ಲೈಸೆನ್ಸ್ ಬೇಕಿತ್ತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಒಬ್ಬನೇ ಗಿಟಾರ್ ಹಿಡಿದು ಕೂತರೂ ಅನುಮತಿ ಬೇಕಾಯಿತು. ಸುಧಾರಣೆ ಅಂದರೆ ಹೀಗೂ ಇರುತ್ತದೆ! ಲೈವ್ ಮ್ಯೂಸಿಕ್ ಆಕ್ಟ್ 2012ರ ಅಕ್ಟೋಬರಿನಿಂದ ಇದನ್ನು ಸಡಿಲಿಸಿತು: ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ, 200 ಜನರವರೆಗೆ, ಲೈವ್ ಸಂಗೀತಕ್ಕೆ ಬೇರೆ ಅನುಮತಿ ಬೇಡ. 2015ರಲ್ಲಿ ಆ ಮಿತಿ 500ಕ್ಕೇರಿತು. ಹನ್ನೊಂದಕ್ಕೆ ಸರಿಯಾಗಿ ಕೊನೆಯ ಹಾಡು ಮುಗಿಸುವ ಅವಸರ ಕಂಡರೆ ಬ್ಯಾಂಡಿಗೆ ದಣಿವಾಗಿದೆ ಅಂತ ತಿಳಿಯಬೇಡಿ, ಗಡಿಯಾರ ಕಾರಣ.

ಇನ್ನು ಕೆಲವು ಪಬ್ಬುಗಳಲ್ಲಿ ನಾಯ್ಸ್ ಲಿಮಿಟರ್ ಇರುತ್ತದೆ. ಗೋಡೆಯ ಮೇಲೆ ಹಸಿರು, ಹಳದಿ, ಕೆಂಪು ದೀಪ. ಕೆಂಪು ಕೆಲವು ಸೆಕೆಂಡು ಹಾಗೇ ಉಳಿದರೆ ವೇದಿಕೆಯ ಪ್ಲಗ್‌ಗಳಿಗೆ ಕರೆಂಟೇ ಹೋಗುತ್ತದೆ. ಡಿಜಿಟಲ್ ಮಿಕ್ಸರ್ ಮತ್ತೆ ಶುರುವಾಗುವವರೆಗೆ, ವಾಲ್ವ್‌ಗಳು ಬಿಸಿಯಾಗುವವರೆಗೆ, ಡ್ರಮ್ಮರ್ ಒಬ್ಬನೇ ನುಡಿಸುತ್ತಿರಬೇಕು. ಕಿಟಕಿ ತೆರೆದಿದ್ದರೆ ಹೊರಗೆ ದೂರು ಹುಟ್ಟುವುದು ಬೇಗ, ಹಾಗಾಗಿ ಸೆಕೆಯಾದರೂ ಮುಚ್ಚಿದ ಬಾಗಿಲು ತೆಗೆದಿಡಬೇಡಿ.

ಕೊನೆಗೆ, ವಿರಾಮದಲ್ಲಿ ಸೌಂಡ್ ಎಂಜಿನಿಯರ್ ಹತ್ತಿರ ಹೋಗಿ ಹೇಳುವುದಿದ್ದರೆ "ಜೋರು ಮಾಡಿ", "ಚೆನ್ನಾಗಿಲ್ಲ" ಅನ್ನಬೇಡಿ, ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. "ಬಾರ್ ಹತ್ತಿರ ಗಾಯಕರ ಮಾತು ಕೇಳಿಸುತ್ತಿಲ್ಲ, ಎಡಗಡೆಯ ಗಿಟಾರ್ ಚುಚ್ಚುತ್ತಿದೆ" ಅನ್ನಿ. ಜಾಗ, ವಾದ್ಯ, ತೊಂದರೆ, ಮೂರೂ ಇದ್ದರೆ ಎರಡನೇ ಸೆಟ್ಟಿನ ಮೊದಲ ಹಾಡಿಗೇ ಸರಿಹೋಗುತ್ತದೆ. ಮಾನಿಟರ್ ಮೇಲೆ ಮಾತ್ರ ಬಿಯರ್ ಲೋಟ ಇಡಬೇಡಿ.